ಮೂರು ಸಲ ಪೂರ್ವಕ್ಕೆ ಉಕ್ಕಿದ ಹಾಲು

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತುಕೊಳ್ಳಿ. ಗೋಡೆಗೆ ಒರಗುವವರು ಗೋಡೆಯನ್ನೊಮ್ಮೆ ನೋಡಿ ಒರಗಿ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ.

ಹೆಸರು ಮರೆತುಹೋದ ಒಂದು ರಾಜ್ಯ. ಆ ರಾಜ್ಯದಲ್ಲಿ ಗಟ್ಟಿಪುರ ಎಂಬ ಊರು. ಆ ಊರಿನಲ್ಲಿ ಈರವ್ವ ಎಂಬ ಹೆಂಗಸು. ಅವಳ ಕೆಲಸ ಮನೆ ನೋಡುವುದು. ನಗಬೇಡಿ, ಹೆಣ್ಣು ಕೊಡುವುದಕ್ಕೆ ಮನೆ ನೋಡುವುದಲ್ಲ! ಭೂಮಿ ನಡುಗಿದ ಮೇಲೆ ಯಾವ ಮನೆಯೊಳಗೆ ಜನ ಇರಬಹುದು, ಯಾವುದರೊಳಗೆ ಇರಬಾರದು ಅಂತ ನೋಡಿ ಹೇಳುವ ಕೆಲಸ. ದೊರೆಯ ಮುತ್ತಾತನ ಕಾಲದಿಂದ ಅವಳ ಮನೆತನಕ್ಕೆ ಬಂದ ಅಧಿಕಾರ ಅದು. ಬಾಯಿ ಸ್ವಲ್ಪ ಜೋರು. ಊರಿನ ಅರ್ಧ ಜನ ಅವಳಿಗೆ ಹೆದರುತ್ತಿದ್ದರು, ಇನ್ನರ್ಧ ಜನ ಹೆದರದವರ ಹಾಗೆ ನಟಿಸುತ್ತಿದ್ದರು.

ಅವಳ ಜೊತೆಗೆ ಕೆಂಪಿ ಎಂಬ ಹಸು. ಕೆಂಪಿ ಮಾತಾಡುತ್ತಿತ್ತು. ಯಾಕೆ, ನೀವು ಮಾತ್ರ ಮಾತಾಡಬೇಕೇನು?

ಒಂದು ಮಧ್ಯಾಹ್ನ ಊರಿಗೆ ಊರೇ ಊಟಕ್ಕೆ ಕೂತಿತ್ತು. ನೆಲದೊಳಗೆ ಗುಡುಗುಡು ಅಂತ ಸದ್ದು. ನೆಲುವಿನ ಗಡಿಗೆ ತೂಗಾಡಿತು, ತಟ್ಟೆಯಲ್ಲಿದ್ದ ಸಾರು ಕುಣಿಯಿತು, ದೇವರ ಮನೆಯ ಗಂಟೆ ತಾನಾಗಿಯೇ ಹೊಡೆದುಕೊಂಡಿತು. "ಭೂಮಿ ನಡುಗ್ತಾ ಇದೆ, ಓಡ್ರೋ!" ಎಂಜಲು ಕೈಯಲ್ಲೇ ಜನ ಓಡಿದರು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿದರು, ಮುದುಕರನ್ನು ಬೆನ್ನ ಮೇಲೆ ಹೊತ್ತು ಓಡಿದರು. ಎಲ್ಲರೂ ಊರಾಚೆಯ ಬಯಲಿಗೆ ಬಂದು ಬಿದ್ದರು. ದೇವರು ದೊಡ್ಡವನು, ಒಂದು ಜೀವವೂ ಹೋಗಲಿಲ್ಲ.

ಆದರೆ ಬಯಲಿನಲ್ಲಿ ಎಷ್ಟು ದಿನ ಇರುವುದಕ್ಕಾಗುತ್ತದೆ? ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹುಣಸೆ ಮರದ ಕೆಳಗೆ ಈರವ್ವನ ಮಗಳು ಚೆನ್ನಿ, ತುಂಬು ಬಸುರಿ, ಸೊಂಟ ಹಿಡಿದುಕೊಂಡು ಕೂತಿದ್ದಳು.

"ಅವ್ವಾ, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಮಳೆ ಬಂದರೆ ನಾನೆಲ್ಲಿಗೆ ಹೋಗಲಿ?"

"ಒಂದು ಗಟ್ಟಿ ಸೂರು ಹುಡುಕಿಕೊಂಡೇ ಬರ್ತೀನಿ ಕಣೇ," ಅಂದಳು ಈರವ್ವ.

ಗಟ್ಟಿಪುರದಲ್ಲಿ ಒಂದು ಪದ್ಧತಿ. ಭೂಮಿ ಒಮ್ಮೆ ನಡುಗಿತೋ, ಹಳೆ ಮನೆಯೂ ಹೊಸ ಮನೆಯ ಲೆಕ್ಕವೇ. ಮತ್ತೆ ಗೃಹಪ್ರವೇಶ ಆಗದೆ ಯಾರೂ ಹೊಸ್ತಿಲು ದಾಟುವ ಹಾಗಿಲ್ಲ. ಮೊದಲು ಈರವ್ವ ಬಿರುಕು ನೋಡುತ್ತಾಳೆ, ಕೋಲಿನಿಂದ ಗೋಡೆ ತಟ್ಟುತ್ತಾಳೆ. ಆಮೇಲೆ ಹಸು ಒಳಗೆ ಹೋಗುತ್ತದೆ. ಆಮೇಲೆ ನೆಲದ ಮೇಲೆ ಮೂರು ಕಲ್ಲು ಹೂಡಿ, ಪಾತ್ರೆಯ ಕಂಠದವರೆಗೆ ಹಾಲು ತುಂಬಿ ಉಕ್ಕಿಸುತ್ತಾರೆ. ಉಕ್ಕಿದ ಮೇಲೆ ಯಜಮಾನ ಹಾಲು ಬಿದ್ದ ಕಡೆ ಮಣೆ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಉಳಿದ ಹಾಲು ಕುಡಿಯಬೇಕು. ಎಲ್ಲ ಸರಿಯಿದ್ದರೆ ಬಾಗಿಲಿಗೆ ಮಾವಿನ ತೋರಣ: ಧಾರಾಳವಾಗಿ ಇರಿ. ಅರೆಬರೆಯಾಗಿದ್ದರೆ ಅರಿಶಿನದ ಪಟ್ಟೆ: ಹೇಳಿದ ಕಡೆ ಮಾತ್ರ ಇರಿ. ಕೆಟ್ಟಿದ್ದರೆ ಕೆಮ್ಮಣ್ಣಿನ ಹಸ್ತ: ಕಾಲಿಡಬೇಡಿ!

ಈರವ್ವ ಸೆರಗು ಬಿಗಿದಳು. ಕೋಲು ಹಿಡಿದಳು. ಹಿಂದೆ ಕೆಂಪಿ, ಕೆಂಪಿಯ ಹಿಂದೆ ಅರ್ಧ ಊರು.

ಮೊದಲನೆಯದು ನೇಕಾರ ಹಂಪಣ್ಣನ ಮನೆ. ಅಯ್ಯೋ, ಅದರ ಅವಸ್ಥೆಯೇ! ಗಾರೆಯೆಲ್ಲ ಉದುರಿ ಕಜ್ಜಿ ಹಿಡಿದವರ ಹಾಗೆ ನಿಂತಿತ್ತು. ಹಂಪಣ್ಣ ತಲೆಯ ಮೇಲೆ ಕೈಹೊತ್ತು ಅಳುತ್ತಿದ್ದ.

"ಅಳು ಆಮೇಲೆ, ಮೊದಲು ದಾರಿ ಬಿಡು," ಅಂದಳು ಈರವ್ವ. ಕೋಲಿನಿಂದ ತಟ್ಟಿದಳು. ಠಣ್! ಬಿರುಕಿನೊಳಗೆ ಕಡ್ಡಿ ಹಾಕಿದಳು. ಕಡ್ಡಿ ಗಾರೆಯಲ್ಲೇ ನಿಂತಿತು, ಗೋಡೆಯೊಳಗೆ ಹೋಗಲಿಲ್ಲ. ಕೆಂಪಿ ಠೀವಿಯಿಂದ ಒಳಗೆ ಹೋಗಿ, ನಡುಮನೆಯಲ್ಲೇ ಸಗಣಿ ಹಾಕಿ ಬಂತು. ಹಾಲು ಉಕ್ಕಿ ಪಾತ್ರೆಯ ಸುತ್ತಲೂ ಒಂದೇ ಸಮ ಇಳಿಯಿತು. ಹಂಪಣ್ಣ ಗೋಡೆಗೆ ಒರಗಿ ಕೂತು, ಮೀಸೆಗೆ ಕೆನೆ ಮೆತ್ತಿಕೊಂಡು ಹಾಲು ಕುಡಿದ.

"ಉದುರಿದ್ದು ಬರೀ ಗಾರೆ ಕಣೋ. ಗೋಡೆ ಗಟ್ಟಿಯಾಗಿದೆ. ಕಟ್ಟಪ್ಪಾ ತೋರಣ!"

ಎರಡನೆಯದು ಗಾಣಿಗರ ಮನೆ. ಮುಂದಿನ ಪಡಸಾಲೆ ಗಟ್ಟಿ, ಹಿಂದಿನ ಅಡುಗೆಮನೆಯ ತೊಲೆ ಜಾರಿತ್ತು. ಕೆಂಪಿ ಪಡಸಾಲೆಯವರೆಗೆ ಹೋಗಿ, "ಇಲ್ಲಿಂದಾಚೆಗೆ ನಾನು ಬರಲ್ಲ," ಅಂತು. ಈರವ್ವ ಅರಿಶಿನದ ಪಟ್ಟೆ ಎಳೆದಳು. "ಮುಂದುಗಡೆ ಮಲಗಿ, ಅಂಗಳದಲ್ಲಿ ಬೇಯಿಸಿಕೊಳ್ಳಿ. ತೊಲೆ ಎತ್ತಿ ಕೂರಿಸೋವರೆಗೆ ಅಡುಗೆಮನೆ ಕಡೆ ತಲೆ ಹಾಕಬೇಡಿ."

ಮೂರನೆಯ ಮನೆ ಬಂತು. ಯಾರದು ಹೇಳಿ ನೋಡೋಣ? ಈರವ್ವನದೇ!

ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಹಾಕಿದ ರಂಗೋಲಿ ಕೂಡ ಹಾಗೇ ಇತ್ತು. ಆದರೆ ಬಾಗಿಲಿನ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು. ಈರವ್ವ ಕಡ್ಡಿ ಹಾಕಿದಳು. ಕಡ್ಡಿ ಗೋಡೆಯ ಆಚೆಗೆ ಹೋಗಿ ಬೆಳಕು ಕಂಡಿತು. ಕೋಲಿನಿಂದ ತಟ್ಟಿದಳು. ಡಬ್, ಅಂತು ಗೋಡೆ. ಕೆಂಪಿ ಹೊಸ್ತಿಲ ಮೇಲೆ ಗೊರಸಿಟ್ಟು ಹಿಂದಕ್ಕೆ ತೆಗೆದುಕೊಂಡಿತು.

"ಬೇಡ ಕಣೇ ಈರಿ," ಅಂತು ಮೆಲ್ಲಗೆ.

ಮದುವೆಯಾಗಿ ಬಂದ ಮನೆ. ಚೆನ್ನಿ ಹುಟ್ಟಿದ ಮನೆ. ಚೆನ್ನಿಯ ಬಾಣಂತನಕ್ಕೆ ಅಂತ ಕೋಣೆ ಸಾರಿಸಿಟ್ಟ ಮನೆ. ಈರವ್ವನ ಕಣ್ಣು ತುಂಬಿ ಬಂತು. ಅಳುತ್ತಲೇ ಕೆಮ್ಮಣ್ಣಿನಲ್ಲಿ ಕೈ ಅದ್ದಿ ತನ್ನ ಬಾಗಿಲಿಗೆ ತಾನೇ ಹಸ್ತ ಒತ್ತಿದಳು.

ಅಷ್ಟರಲ್ಲಿ ಡಂ ಡಂ ಡಂ! ಓಲಗದವರ ಸದ್ದು! ಪಾರುಪತ್ಯಗಾರ ಮಲ್ಲರಸನ ಆಳು ಓಡೋಡಿ ಬಂದ. "ಈರವ್ವ, ಬೇಗ ಬರಬೇಕಂತೆ! ಹೊಸ ಛತ್ರಕ್ಕೆ ತೋರಣ ಕಟ್ಟಬೇಕಂತೆ! ದೊರೆಗಳೇ ದಯಮಾಡಿಸ್ತಾ ಇದಾರೆ!"

ಈ ಮಲ್ಲರಸ ಅರಮನೆಯ ಕಟ್ಟಡಗಳ ಮೇಲ್ವಿಚಾರಕ. ಊರಿನ ಪೂರ್ವಕ್ಕೆ ಹೋದ ವರ್ಷವಷ್ಟೇ ದೊಡ್ಡದೊಂದು ಛತ್ರ ಕಟ್ಟಿಸಿದ್ದ. ಊರಿನವರನ್ನೆಲ್ಲ ತನ್ನ ಛತ್ರದೊಳಗೆ ಕೂರಿಸಿ ದೊರೆಗೆ ತೋರಿಸಿಬಿಟ್ಟರೆ ಮಂತ್ರಿ ಪದವಿ ತನಗೇ ಅಂತ ಅವನ ಆಸೆ. ಛತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಈರವ್ವ ಅಲ್ಲಿಗೆ ಬಂದವಳೇ ಗೋಡೆ ಮುಟ್ಟಿ ನೋಡಿದಳು. ಬೆರಳಿಗೆ ಸುಣ್ಣ ಹತ್ತಿತು. ಹಸಿ ಸುಣ್ಣ!

"ಊರೆಲ್ಲ ಬಯಲಲ್ಲಿ ಬಿದ್ದಿರುವಾಗ ಸುಣ್ಣ ಬಳಿಸ್ತಾ ಇದ್ದಿರಾ, ಪಾರುಪತ್ಯಗಾರರೇ?"

"ದೊರೆಗಳು ಬರ್ತಾರಲ್ಲ, ಚೆಂದ ಕಾಣಲಿ ಅಂತ," ಅಂದ ಮಲ್ಲರಸ. ಆಮೇಲೆ ದನಿ ತಗ್ಗಿಸಿದ. "ನಿನ್ನ ಮನೆಗೆ ಕೆಮ್ಮಣ್ಣು ಬಿತ್ತಂತೆ, ಪಾಪ. ಒಳಗೊಂದು ಬೆಚ್ಚನೆ ಕೋಣೆ ಇದೆ, ನಿನ್ನ ಮಗಳಿಗೇ ಅಂತ ತೆಗೆದಿಟ್ಟಿದ್ದೀನಿ. ಒಂದು ತೋರಣ ಕಟ್ಟಿಬಿಡು, ಸಾಕು."

ಬೆಚ್ಚನೆ ಕೋಣೆ! ಒಂದು ಗಳಿಗೆ ಈರವ್ವನ ಕೈ ಮಾವಿನೆಲೆಯ ಕಡೆಗೇ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಮೊದಲು ನೋಡ್ತೀನಿ," ಅಂದಳು.

ಗೋಡೆ ತಟ್ಟಿದಳು. ಓಲಗದವರು ಅವಳ ಕಿವಿಯ ಹತ್ತಿರವೇ ನಿಂತು ಜೋರಾಗಿ ಊದಿದರು, ಏನೂ ಕೇಳಿಸಲಿಲ್ಲ. ಕೆಂಪಿಯನ್ನು ಕರೆದಳು. ಕೆಂಪಿ ಹೊಸ್ತಿಲಲ್ಲಿ ನಿಂತುಬಿಟ್ಟಿತು.

ಮಲ್ಲರಸ ಬೆಲ್ಲ ತರಿಸಿದ. ಕೆಂಪಿ ಬೆಲ್ಲ ತಿಂದಿತು, ಒಳಗೆ ಹೋಗಲಿಲ್ಲ. ಬಾಳೆಹಣ್ಣು ತರಿಸಿದ. ಸಿಪ್ಪೆ ಸಮೇತ ತಿಂದಿತು, ಒಳಗೆ ಹೋಗಲಿಲ್ಲ. ಬುಟ್ಟಿ ತುಂಬ ಹತ್ತಿಕಾಳು ತರಿಸಿದ. ಬುಟ್ಟಿಯ ತಳ ನೆಕ್ಕಿ, ಒಂದು ತೇಗು ತೇಗಿ, "ಊಟ ಬಹಳ ಚೆನ್ನಾಗಿತ್ತು. ಇಲ್ಲಿ ನೆಲದ ಕೆಳಗೆ ಟೊಳ್ಳು," ಅಂತು.

"ಹಸುವಿನ ಮಾತು ಯಾರು ಕೇಳ್ತಾರೆ! ಹಾಲು ಉಕ್ಕಿಸಿ!" ಅಂತ ಕೂಗಿದ ಮಲ್ಲರಸ.

ಅಷ್ಟು ಹೊತ್ತಿಗೆ ದೊರೆ ಬಂದ, ಬಯಲಿನ ಜನವೆಲ್ಲ ಬಂದರು. ಛತ್ರದ ನಡುವೆ ಮೂರು ಕಲ್ಲು ಹೂಡಿದರು. ಹಾಲು ಬುಸುಬುಸು ಉಬ್ಬಿತು, ಕಂಠಕ್ಕೆ ಬಂತು, ಉಕ್ಕಿತು. ಯಾವ ಕಡೆಗೆ? ಪೂರ್ವಕ್ಕೆ! ಹಾಲು ಪೂರ್ವಕ್ಕೆ ಉಕ್ಕಿದರೆ ಮಹಾ ಶುಭ ಅಂತ ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. "ಹೋ!" ಅಂದರು ಜನ. ಕುಣಿದರು, ಶಿಳ್ಳೆ ಹಾಕಿದರು.

ಈರವ್ವ ಮಾತ್ರ ಹಾಲು ಹರಿದ ದಾರಿಯನ್ನೇ ನೋಡುತ್ತಿದ್ದಳು. "ಒಲೆ ತೆಗೀರಿ. ತೆಂಕಣ ಮೂಲೆಯಲ್ಲಿ ಹೂಡಿ," ಅಂದಳು. ಹೂಡಿದರು. ಹಾಲು ಪೂರ್ವಕ್ಕೇ ಉಕ್ಕಿತು! "ಹೋ ಹೋ!" ಅಂದರು ಜನ. "ಬಡಗಣ ಮೂಲೆಯಲ್ಲಿ ಹೂಡಿ," ಅಂದಳು. ಹೂಡಿದರು. ಪಾತ್ರೆ ತಿರುಗಿಸಿಟ್ಟರು. ಮತ್ತೆ ಪೂರ್ವಕ್ಕೇ! "ಹೋ ಹೋ ಹೋ!"

"ನೋಡಿದಿರಾ ಮಹಾಪ್ರಭು, ಮೂರು ಪಟ್ಟು ಶುಭ!" ಅಂತ ಮಲ್ಲರಸ ಎದೆಯುಬ್ಬಿಸಿದ.

ಟಪ್, ಟಪ್ ಅಂತ ಮಳೆಹನಿ ಬಿತ್ತು. ಹಿಂದಿನಿಂದ ಕೂಗು ಬಂತು: "ಅವ್ವಾ! ಅವ್ವಾ!" ಚೆನ್ನಿಗೆ ನೋವು ಶುರುವಾಗಿತ್ತು. ಹೆಂಗಸರು ಅವಳನ್ನು ಎತ್ತಿಕೊಂಡು ಛತ್ರದ ಬಾಗಿಲಿಗೇ ಓಡಿ ಬಂದರು.

ಈರವ್ವ ಒಳಗಿದ್ದವರನ್ನೆಲ್ಲ ಗದರಿ ಹೊರಗೆ ಅಟ್ಟಿದಳು. ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತಳು.

"ಹೆತ್ತ ಮಗಳೇ ಕಣೇ!" ಅಂದರು ಹೆಂಗಸರು.

"ಹೆತ್ತ ಮಗಳು ಅಂತಲೇ!" ಅಂದಳು ಈರವ್ವ.

ದೊರೆಗೆ ಸಿಟ್ಟು ಬಂತು. "ಹಾಲು ಮೂರು ಸಲ ಪೂರ್ವಕ್ಕೆ ಉಕ್ಕಿದೆ. ಇನ್ನೇನು ಬೇಕು ನಿನಗೆ?"

"ತನ್ನ ಮನೆ ಕೆಟ್ಟಿತಲ್ಲ ಮಹಾಪ್ರಭು, ಹೊಟ್ಟೆಕಿಚ್ಚು," ಅಂದ ಮಲ್ಲರಸ.

ಈರವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಟಕ್ಕನೆ ಮುಖ ಅರಳಿಸಿದಳು. "ಆಯಿತು ಬುದ್ಧಿ, ಕಟ್ಟಿಬಿಡ್ತೀನಿ ತೋರಣ! ಒಂದು ಶಾಸ್ತ್ರ ಬಾಕಿ ಇದೆ, ಅಷ್ಟೇ. ಹಾಲು ಬಿದ್ದ ಕಡೆ ಯಜಮಾನರು ಮಣೆ ಹಾಕಿಕೊಂಡು ಕೂರಬೇಕು. ಪೂರ್ವದ ಗೋಡೆಗೆ ಬೆನ್ನು ಕೊಟ್ಟು, ಉಳಿದ ಹಾಲು ಕುಡೀಬೇಕು. ಹಂಪಣ್ಣ ಕುಡಿದ. ಇವರೂ ಕುಡೀಲಿ. ಓಲಗದವರು ಜೋರಾಗಿ ಬಾರಿಸಲಿ!"

ಮಲ್ಲರಸನ ಮುಖ ಅವನ ಗೋಡೆಗಿಂತ ಬೆಳ್ಳಗಾಯಿತು.

"ನನಗೆ... ಮಂಡಿ ನೋವು, ನೆಲದ ಮೇಲೆ ಕೂರೋಕಾಗಲ್ಲ."

"ಎತ್ತರದ ಮಣೆ ತರಿಸೋಣ."

"ಇವತ್ತು ಉಪವಾಸ."

"ಹಾಲಿಗೆ ಉಪವಾಸ ಇಲ್ಲ."

"ನನ್ನ ನಕ್ಷತ್ರಕ್ಕೆ ಪೂರ್ವದ ಗೋಡೆ ಆಗಿಬರಲ್ಲ!"

ಜನರ ಕೇಕೆ ನಿಂತಿತು. ಓಲಗ ನಿಂತಿತು. ದೊರೆ ಮಲ್ಲರಸನ ಮುಖವನ್ನೇ ದಿಟ್ಟಿಸಿ ನೋಡಿದ. "ಕಟ್ಟಿದವನು ನೀನು. ಒಂದು ಲೋಟ ಹಾಲು ಕುಡಿಯುವಷ್ಟು ಹೊತ್ತು ನೀನು ಕೂರಲಾರದ ಕಡೆ ನನ್ನ ಜನ ಮಳೆಗಾಲ ಪೂರ್ತಿ ಮಲಗಬೇಕೇನಯ್ಯಾ? ಹೇಳು, ಆ ಗೋಡೆಯ ಕೆಳಗೆ ಏನಿದೆ?"

ಮಲ್ಲರಸ ದೊರೆಯ ಕಾಲಿಗೆ ಬಿದ್ದ. "ಹಾಳುಬಾವಿ ಮಹಾಪ್ರಭು! ಕಲ್ಲಿನಿಂದ ತುಂಬಿಸೋ ಬದಲು ಕಸಕಡ್ಡಿ ತುಂಬಿಸಿ ಮೇಲೆ ಗೋಡೆ ಎಬ್ಬಿಸಿದೆ. ಬಿರುಕು ಬಿಟ್ಟಿತ್ತು, ಸುಣ್ಣ ಬಳಿಸಿ ಮುಚ್ಚಿದೆ!"

"ಹಾಲು ಪೂರ್ವಕ್ಕೆ ಹೋದದ್ದು ಶುಭ ಅಂತ ಅಲ್ಲ ಬುದ್ಧಿ," ಅಂದಳು ಈರವ್ವ. "ನೆಲ ಆ ಕಡೆಗೆ ಕುಸೀತಾ ಇದೆ. ಹಾಲು ತಗ್ಗಿಗೆ ಹೋಯಿತು, ಅಷ್ಟೇ."

ಅವಳು ಬಾಯಿ ಮುಚ್ಚುವುದಕ್ಕಿಲ್ಲ, ಮತ್ತೆ ಗುಡುಗುಡು! "ಹಿಂದಕ್ಕೆ! ಹಿಂದಕ್ಕೆ!" ಅಂತ ಅರಚಿತು ಕೆಂಪಿ. ಜನ ಹಿಂದಕ್ಕೆ ಹಾರಿದರು. ಪೂರ್ವದ ಗೋಡೆ ಒಮ್ಮೆ ನಡುಗಿತು, ಎರಡನೇ ಸಲ ವಾಲಿತು, ಮೂರನೇ ಸಲ ಧಡಾರ್ ಅಂತ ಸೂರಿನ ಸಮೇತ ಬಾವಿಯೊಳಗೆ ಇಳಿದುಹೋಯಿತು! ಧೂಳು ಇಳಿದಾಗ ಆ ಬೆಚ್ಚನೆ ಕೋಣೆ ಇದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು.

"ಈರಕ್ಕಾ, ಏನು ನೋಡ್ತಾ ನಿಂತೆ?" ಅಂತ ಕೂಗಿದ ನೇಕಾರ ಹಂಪಣ್ಣ. "ನೀನೇ ತೋರಣ ಕಟ್ಟಿದ ಮನೆ ಇಲ್ಲವಾ ನಂದು? ಮಗಳನ್ನು ಕರ್ಕೊಂಡು ಬಾ!"

ಹೊತ್ತುಕೊಂಡು ಓಡಿದರು. ಮಳೆ ಧೋ ಅಂತ ಸುರಿಯಿತು. ಗಾರೆ ಉದುರಿದ ಆ ಮನೆಯೊಳಗೆ, ಮಗ್ಗದ ಪಕ್ಕದಲ್ಲಿ, ಚೆನ್ನಿ ಹೆಣ್ಣುಮಗುವನ್ನು ಹೆತ್ತಳು. ನಡುವೆ ಭೂಮಿ ಇನ್ನೊಮ್ಮೆ ಅಲುಗಿತು. ಒಂದು ಚೂರು ಗಾರೆ ಈರವ್ವನ ತಲೆಯ ಮೇಲೆ ಬಿತ್ತು. ಗೋಡೆ ಕದಲಲಿಲ್ಲ. ಈರವ್ವ ಮೊಮ್ಮಗಳನ್ನು ಎದೆಗೊತ್ತಿಕೊಂಡು, ಆ ಗೋಡೆಗೇ ಒರಗಿ, ಮನಸ್ಸು ತುಂಬ ಅತ್ತಳು.

ಮಲ್ಲರಸನಿಗೆ ಏನಾಯಿತು ಅಂತೀರಾ? ದೊರೆ ಅವನ ಪದವಿ ಕಿತ್ತು ಕೈಗೆ ಕೆಂಪಿಯ ಹಗ್ಗ ಕೊಟ್ಟ. ಅಂದಿನಿಂದ ಈರವ್ವ ನೋಡಿದ ಪ್ರತಿ ಮನೆಯೊಳಗೂ ಮೊದಲು ಕೆಂಪಿ, ಅದರ ಹಿಂದೆಯೇ ಮಲ್ಲರಸ. ಒಳಗೆ ಹೋಗುವ ಮುಂಚೆ ಅವನು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಬಿರುಕು ಹುಡುಕುತ್ತಿದ್ದ. ಕೆಂಪಿ ಮಾತ್ರ ದಿನಾ ಅವನನ್ನು ಕೇಳುತ್ತಿತ್ತು: "ಇವತ್ತು ಹತ್ತಿಕಾಳು ಇಲ್ಲವೇನೋ?"

ಆದ್ದರಿಂದ ಮಕ್ಕಳೇ, ನೆನಪಿಟ್ಟುಕೊಳ್ಳಿ. ಸುಣ್ಣ ಬಿರುಕನ್ನು ಮುಚ್ಚುತ್ತದೆ, ಸೂರನ್ನು ಹೊರುವುದಿಲ್ಲ. ಕಣ್ಣಿಗೆ ಚೆಂದ ಕಂಡಿತು, ಕಿವಿಗೆ ಶುಭ ಕೇಳಿಸಿತು ಅಂತ ಯಾವುದನ್ನೂ ನಂಬಬೇಡಿ, ಪರೀಕ್ಷೆ ಮಾಡಿ ನಂಬಿ. ಮತ್ತು ತಾನು ಕೂರುವುದಕ್ಕೆ ಹೆದರುವ ಗೋಡೆಯ ಕೆಳಗೆ ಬೇರೆಯವರ ಮಕ್ಕಳನ್ನು ಮಲಗಿಸುವವನು ಎಷ್ಟೇ ದೊಡ್ಡವನಾಗಿರಲಿ, ಅವನ ಬಾಗಿಲಿಗೆ ಕೆಮ್ಮಣ್ಣಿನ ಹಸ್ತ ಒತ್ತಲು ಹಿಂಜರಿಯಬೇಡಿ.

ಈರವ್ವನ ಕಥೆ ಇಲ್ಲಿಗೆ ಆಯಿತು. ಇನ್ನು ಧಾರಾಳವಾಗಿ ಒರಗಿಕೊಳ್ಳಿ. ಆ ಗೋಡೆಯನ್ನು ನಾನು ಆಗಲೇ ತಟ್ಟಿ ನೋಡಿದ್ದೇನೆ.