ಪುಕ್ಕಟೆ ತಂಬಿಗೆ

“ಗುರುಗಳೇ, ನಾನು ಇಸ್ಪೀಟು ಆಡುವವನಲ್ಲ, ಆಡಿಸುವವನೂ ಅಲ್ಲ. ಪೋಕರ್ ಆಡಿಸುವವರು ಬೇರೆ. ನನ್ನದೊಂದು ವೆಬ್‌ಸೈಟು, ಅಷ್ಟೆ. ಅದರ ಮೂಲಕ ಹೋಗಿ ಅಲ್ಲಿ ಹೆಸರು ನೋಂದಾಯಿಸಿದವರಿಗೆ ವಾಚೋ ಇಯರ್‌ಫೋನೋ ಪುಕ್ಕಟೆ ಕಳಿಸುತ್ತೇನೆ. ಜನರನ್ನು ಸೇರಿಸಿಕೊಟ್ಟದ್ದಕ್ಕೆ ಆಟದವರು ನನಗೆ ಪಾಲು ಕೊಡುತ್ತಾರೆ. ಅಮ್ಮ ಮಾತ್ರ ಈ ದುಡಿಮೆಯ ಅನ್ನ ಮುಟ್ಟುವುದಿಲ್ಲ ಎಂದು ತಂಗಿಯ ಮನೆಗೆ ಹೊರಟುಹೋದಳು. ಉಡುಗೊರೆ ಕೊಡುವುದೂ ತಪ್ಪೇ? ಅವಳನ್ನು ಏನೆಂದು ಹೇಳಿ ಕರೆತರಲಿ?”

ಹೀಗೆ ಕೇಳಿದವನು ಗುರುಸಿದ್ಧನೆಂಬ ಶಿಷ್ಯ.

“ಆಹಾ, ದಾನಶೂರನೇ! ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದ ಹೊರಗೆ ಜೂಜಿನ ಮನೆಯೊಂದಿತ್ತು. ಅದರ ಬಂಡವಾಳ ಊರಿಗೆಲ್ಲ ಗೊತ್ತಿದ್ದರಿಂದ ಯಾರೂ ಕಾಲಿಡುತ್ತಿರಲಿಲ್ಲ. ಜೂಜಿನ ಮನೆಯವನು ಪೇಟೆಯ ಒಬ್ಬ ಪಾತ್ರೆ ವ್ಯಾಪಾರಿಯನ್ನು ಕಂಡು, ‘ಹೊಸಬರನ್ನು ನನ್ನ ಬಾಗಿಲಿಗೆ ಕಳಿಸು. ಅವರು ಸೋತದ್ದರಲ್ಲಿ ನಿನಗೊಂದು ಪಾಲು’ ಎಂದ. ವ್ಯಾಪಾರಿ ಒಪ್ಪಿದ. ಕೂತಲ್ಲಿಗೇ ಬರುವ ಲಾಭ ಯಾರಿಗೆ ಬೇಡ? ಜೂಜಿನ ಮನೆಯಲ್ಲಿ ಹೆಸರು ಬರೆಸಿದವರಿಗೆ ಅಲ್ಲೇ ಒಂದು ಹಿತ್ತಾಳೆ ತಂಬಿಗೆ ಪುಕ್ಕಟೆ ಎಂದು ಸಾರಿಸಿದ. ತಂಬಿಗೆಯ ಮೇಲೆ ತನ್ನ ಹೆಸರನ್ನೂ ಕೊರೆಸಿದ. ಆಡಲೇಬೇಕೆಂಬ ಕಟ್ಟಳೆ ಇರಲಿಲ್ಲ.

ಒಬ್ಬ ನೇಕಾರ ಬಂದ. ಜೂಜು ಕಂಡವನಲ್ಲ. ಹೆಂಡತಿಗೊಂದು ತಂಬಿಗೆ ಬೇಕಿತ್ತು. ಹೆಸರು ಬರೆಸಿದ, ತಂಬಿಗೆ ತೆಗೆದುಕೊಂಡ. ಹೊರಡಬೇಕೆಂದರೆ ಕಾಲು ಏಳಲಿಲ್ಲ. ಅವನ ಜನ ಮುಯ್ಯಿ ತೀರಿಸುವ ಜನ. ಮದುವೆಯಲ್ಲಿ ಒಂದು ರವಿಕೆ ಕಣ ಬಂದರೂ ನೆನಪಿಟ್ಟು, ಕೊಟ್ಟವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವವರು. ಇಷ್ಟು ದೊಡ್ಡ ತಂಬಿಗೆ ತೆಗೆದುಕೊಂಡು ಬೆನ್ನು ತಿರುಗಿಸುವುದು ಹೇಗೆ? ಅವನಿಗೆ ನಾಚಿಕೆಯಾಯಿತು. ಮರ್ಯಾದೆಗೆ ಒಂದೇ ಒಂದು ಆಟ ಎಂದು ಕುಳಿತ.

ನೋಡು ಗುರುಸಿದ್ಧ, ಆಸೆಬುರುಕರೆಲ್ಲ ತಂಬಿಗೆ ಹಿಡಿದು ಓಡಿಹೋಗಿದ್ದರು. ಸಿಕ್ಕಿಬಿದ್ದವನು ಈ ಮರ್ಯಾದಸ್ಥ. ಮೊದಲ ಆಟ ಗೆದ್ದ. ಗೆದ್ದು ಎದ್ದುಹೋಗುವುದೂ ಚೆನ್ನಲ್ಲ ಎನಿಸಿತು, ಪಾಪ. ಮತ್ತೆ ಕುಳಿತ. ಮರುದಿನವೂ ಹೋದ. ಎರಡು ತಿಂಗಳಲ್ಲಿ ಮನೆಯ ನೂಲು ಹೋಯಿತು, ಹೆಂಡತಿಯ ಓಲೆ ಹೋಯಿತು, ಕೊನೆಗೆ ಮಗ್ಗವೂ ಹೋಯಿತು. ಹೆಂಡತಿಗೆ ಮುಖ ತೋರಿಸಲಾರದೆ ಊರು ಬಿಟ್ಟ.

ವ್ಯಾಪಾರಿಗೆ ಪಾಲು ತಪ್ಪದೆ ಬರುತ್ತಿತ್ತು. ಅದು ಯಾರ ಮನೆಯದೆಂದು ಅವನು ಕೇಳಲಿಲ್ಲ.

ಒಂದು ದಿನ ನೇಕಾರನ ಹೆಂಡತಿ ಅಂಗಡಿಗೆ ಬಂದು, ನಡೆದದ್ದನ್ನು ಹೇಳಿ, ತಂಬಿಗೆಯನ್ನು ಅವನ ಮುಂದಿಟ್ಟಳು.

‘ನಾನೇನು ಕಿತ್ತುಕೊಂಡೆನೇ ತಾಯಿ?’ ಎಂದ ವ್ಯಾಪಾರಿ. ‘ನಿನ್ನ ಗಂಡನ ಮುಖವನ್ನೂ ನಾನು ನೋಡಿದವನಲ್ಲ. ನಾನು ಕೊಟ್ಟವನು. ತಂಬಿಗೆ ನೀನೇ ಇಟ್ಟುಕೋ.’

‘ಬೇಡ ಸ್ವಾಮಿ’ ಎಂದಳು ಅವಳು. ‘ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. ಒಂದು ಹಿಡಿ ಅಕ್ಕಿ ಹಾಕೋಣವೆಂದರೆ ಮನೆಯಲ್ಲಿ ಅಕ್ಕಿ ಇರಲಿಲ್ಲ. ಇದ್ದದ್ದನ್ನು ಹಾಕಿ ತಂದಿದ್ದೇನೆ.’

ವ್ಯಾಪಾರಿ ತಂಬಿಗೆಯೊಳಗೆ ನೋಡಿದ. ಅದರಲ್ಲಿ ಲಾಳಿ ಇತ್ತು. ನೇಯುವಾಗ ಎಳೆಯನ್ನು ಅತ್ತಿಂದಿತ್ತ ಒಯ್ಯುವ ಲಾಳಿ. ಮಗ್ಗವಿಲ್ಲದ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಸಿದ್ಧ ಕಾದ.

“ಆಮೇಲೆ ಆ ವ್ಯಾಪಾರಿ ಏನು ಮಾಡಿದ ಗುರುಗಳೇ?” ಎಂದು ಕೇಳಿದ.

“ಅದು ನನಗೆ ಹೇಗೆ ಗೊತ್ತಾಗಬೇಕು ಮಾರಾಯ, ನೀನಿನ್ನೂ ಇಲ್ಲೇ ಕೂತಿದ್ದೀಯಲ್ಲ!” ಎಂದರು ಗುರುಗಳು.