ಎಲ್ಲಕ್ಕಿಂತ ದೂರ ಹೋದ ಗುಂಡು

"ಕೇಳ್ರಪ್ಪೋ ಕೇಳಿ! ಕಾನಗಿರಿಯ ದೊರೆ ಇಮ್ಮಡಿ ಕೆಂಚಪ್ಪ ನಾಯಕರ ಅಪ್ಪಣೆ! ದೊರೆಗಳ ದೂರದ ಬೇಟೆಗೆ ಗುಂಡು ಆರಿಸಿಕೊಡುವ ಜಾಣ ಬೇಕು. ಮೂರು ಒಗಟು ಬಿಡಿಸಿದವನಿಗೆ ಗುಂಡಿನ ಮನೆಯ ಯಜಮಾನಿಕೆ, ಮೇಲೆ ಕೇಳಿದ ವರ. ತಪ್ಪಿದವನು ಬರಿಗೈಯಲ್ಲಿ ಬಿದಿರುಮೆಳೆಗೆ!"

ಡಂಗುರದವನಿಗೇನು, ಕೂಗಿ ಹೋದ. ಆ ಮೆಳೆಯಲ್ಲಿ ಏನಿದೆ ಅಂತ ಊರಿಗೆಲ್ಲ ಗೊತ್ತಿತ್ತು. ದೊರೆ ಈ ಗುಡ್ಡದ ಮೇಲೆ ಕೂತು ಆ ಗುಡ್ಡದಲ್ಲಿ ಮೇಯುತ್ತಿದ್ದ ಕಾಡುಕೋಣಕ್ಕೆ, ಹಾಡಿಯವರ ಮಾತಲ್ಲಿ ಕಾಟಿಗೆ, ಹೊಡೆದಿದ್ದ. ಅದು ಸಾಯಲಿಲ್ಲ. ಹೊಟ್ಟೆಯಲ್ಲಿ ಗುಂಡು ಇಟ್ಟುಕೊಂಡು ಮೆಳೆ ಹೊಕ್ಕಿತು. ದೊರೆ ಕೋವಿ ಒರೆಸಿ ಊಟಕ್ಕೆ ಎದ್ದ.

ಗಾಯದ ಮೃಗದ ಜಾಡು ಹಿಡಿಯುವುದು ಹೊಡೆದವನ ಕೆಲಸವಲ್ಲ, ಅಲ್ಲಿನ ಪದ್ಧತಿ ಹಾಗೆ. ಅದು ಕಾಡಂಚಿನ ಹಾಡಿಯ ಜಾಡುಗಾರರ ಪಾಲು. ಮನೆಮನೆಗೂ ಸರದಿ, ಮೃಗ ಸಿಗುವ ತನಕ ಸರದಿ ಅದೇ ಮನೆಯದು. ಈ ಸಲ ಕ್ಯಾತನ ಮನೆ. ಮುದುಕ ಹೋದ, ಬರಲಿಲ್ಲ. ಹೆಣ ತರಲೂ ಯಾರಿಗೂ ಧೈರ್ಯವಿಲ್ಲ. ನಾಳೆ ಬೆಳಗ್ಗೆ ಹಿರಿಮಗ ಬೇದ ಹೋಗಬೇಕು. ಅವನ ಹೆಂಡತಿ ಹಸಿ ಬಾಣಂತಿ.

ಕಿರಿಮಗ ಜಡಿಯ ಕಂಬಳಿ ಕೊಡವಿ ಎದ್ದ.

"ಎಲ್ಲಿಗ್ಲಾ?" ಅಂದಳು ಅವ್ವ.

"ಅಣ್ಣನ್ನ ಬುಡಿಸ್ಕಂಡು ಬತ್ತೀನಿ ಕಣವ್ವ."

ಅರಮನೆಯಲ್ಲಿ ದಳವಾಯಿಯ ಮಗ ಮೀಸೆ ತಿರುವುತ್ತ ಮೊದಲೇ ನಿಂತಿದ್ದ. ದೊರೆ ಕೇಳಿದ: "ಇಬ್ಬರು ಅಣ್ಣತಮ್ಮಂದಿರು ಒಂದೇ ಬಾಗಿಲಿಂದ ಹೊರಡುತ್ತಾರೆ. ಹಗುರದವನು ಓಡುತ್ತಾನೆ, ಭಾರದವನು ನಿಧಾನ. ದಾರಿಯುದ್ದಕ್ಕೂ ಒಬ್ಬ ಕಳ್ಳ. ದೂರದ ಊರಿಗೆ ಗಂಟು ಉಳಿಸಿಕೊಂಡು ಮುಟ್ಟುವವನು ಯಾರು?"

"ಓಡುವವನೇ! ಕಳ್ಳನ ಕೈಗೆ ಸಿಗುವುದೇ ಇಲ್ಲ."

ಅವನನ್ನು ಮೆಳೆಗೆ ಎಳೆದೊಯ್ದರು. ಸಂಜೆಗೆ ಮೆಳೆಯ ಅಂಚಿನಲ್ಲಿ ಬರೀ ರುಮಾಲು ಸಿಕ್ಕಿತು.

ಶಾನುಭೋಗರ ಅಳಿಯ "ಭಾರದವನು" ಎಂದು ಮೊದಲನೆಯದನ್ನು ಗೆದ್ದ. ದೊರೆ ಎರಡನೆಯದು ಕೇಳಿದ: "ಒಂದು ಹೂವು ಹೊಸ್ತಿಲಲ್ಲೇ ಅರಳಿ ಉದುರುತ್ತದೆ. ಇನ್ನೊಂದು ನಡುಮನೆಗೆ ಹೋಗಿ ಅರಳುತ್ತದೆ. ಮತ್ತೊಂದು ಮೊಗ್ಗಾಗಿಯೇ ಹಿತ್ತಿಲು ದಾಟುತ್ತದೆ. ದೊಡ್ಡ ಮನೆಗೆ ಯಾವುದು?"

"ದಾಟುವ ಮೊಗ್ಗು," ಅಂದ ಅಳಿಯ. ಪಾಪ, ಅವನೂ ಹೋದ.

ಜಡಿಯ ಮುಂದೆ ಬಂದು ಕೈ ಮುಗಿದ. "ಅಣ್ಣತಮ್ಮಂದಿರು ಗುಂಡು, ಕಳ್ಳ ಗಾಳಿ ಬುದ್ಧೀ. ಗಂಟು ಅಂದ್ರೆ ಏಟಿನ ಬಲ. ಹಗುರದ್ದರ ಬಲಾನೆಲ್ಲ ಗಾಳಿ ದಾರೀಲೇ ಕಿತ್ಕತದೆ. ಭಾರದ್ದು ಉಳಿಸ್ಕಂಡು ಹೋಯ್ತದೆ. ಎರಡನೇದ್ರಲ್ಲಿ ಮನೆ ಅಂದ್ರೆ ಮೃಗದ ಮೈ, ಉತ್ತರ ನಡುಮನೇಲಿ ಅರಳೋ ಹೂವು. ಬರೀ ಮೆದು ಸೀಸ ಚರ್ಮದಲ್ಲೇ ಚದುರ್ತದೆ. ಬರೀ ಗಟ್ಟಿ ತಾಮ್ರ ಸಣ್ಣ ತೂತು ಮಾಡಿ ಆಚೆ ಹೋಯ್ತದೆ. ಮೂತಿ ಮೆದುವಾಗಿ ಬುಡ ಗಟ್ಟಿಯಾಗಿದ್ರೆ ಒಳಗೆ ಹೋಗಿ ಅರಳ್ತದೆ, ಮೃಗ ನಿಂತಲ್ಲೇ ಕೂರ್ತದೆ. ನಾವು ಕುಯ್ದು ನೋಡಿರೋರು."

ದೊರೆ ಮುಂದಕ್ಕೆ ಬಾಗಿದ. "ಎಲ್ಲಕ್ಕಿಂತ ದೂರ ಹೋಗುವ ಗುಂಡು ಯಾವುದು?"

ಜಡಿಯ ಮೆಳೆಯ ಕಡೆಗೆ ಕೈ ತೋರಿಸಿದ. "ಸರಿಯಾಗಿ ತಗುಲದೇ ಇದ್ದದ್ದು. ಕಾಟಿ ಹೊಟ್ಟೇಲಿ ಕೂತು ಗುಡ್ಡ ಇಳೀತು. ಮೆಳೆ ಹೊಕ್ತು. ನಮ್ಮಪ್ಪನ ಎದೆಗೆ ಬಂತು. ನಮ್ಮನೆ ಒಲೆ ಆರಿಸ್ತು. ನಾಳೆ ನಮ್ಮಣ್ಣನ್ನ ಹುಡುಕ್ತದೆ. ಇನ್ನೂ ಹೋಗ್ತಾನೇ ಅದೆ."

"ಭಲೆ!" ಎಂದ ದೊರೆ. "ಸರಿಯಾಗಿ ತಗುಲದ ಗುಂಡು. ನನ್ನ ತಂದೆ ಹೇಳಿಕೊಟ್ಟ ಉತ್ತರವೂ ಅದೇ."

"ಅಂದ್ರೆ ಮೂರೂ ನಿಮಗೆ ಮೊದಲೇ ಗೊತ್ತಿತ್ತಾ ಬುದ್ಧೀ? ಕಾಟಿ ಬೀಳದೆ ಓಡಿದ್ದು ನೋಡಿದ್ರೆ ಅವತ್ತಿನದು ಹಗುರದ್ದೇ. ಮತ್ಯಾಕೆ ಅದನ್ನ ತುಂಬಿದ್ರಿ?"

ದೊರೆ ಬಲಭುಜ ಸವರಿಕೊಂಡ. "ಭಾರದ್ದು ಒದೆಯುತ್ತೆ ಕಣೋ. ಭುಜ ನೋಯುತ್ತೆ."

ಥೂ, ಇಂಥ ಮಾತಿಗೆ ಏನೆನ್ನಬೇಕು? ಸಭೆ ಮಾತ್ರ ಹೌದು ಹೌದು ಎಂದು ತಲೆಯಾಡಿಸಿತು.

"ಹೊಡೆದೋರೇ ಜಾಡು ಹಿಡೀಬೇಕು, ಅದೇ ನನ್ನ ವರ," ಅಂದ ಜಡಿಯ.

ದೊರೆಯ ಮುಖ ಕಪ್ಪಿಟ್ಟಿತು. "ವರ ಕೇಳು ಅಂದರೆ ನನ್ನ ಪ್ರಾಣ ಕೇಳ್ತೀಯೇನೋ? ಬೇರೆ ಕೇಳು."

"ಹಂಗಾರೆ ನಮ್ಮಣ್ಣನ್ನ ಬುಟ್ಬುಡಿ."

"ಬಿಟ್ಟೆ. ಆದರೆ ಮೃಗ ಸಿಕ್ಕಿಲ್ಲ, ಸರದಿ ನಿಮ್ಮ ಮನೆಯದೇ. ಮನೆಯಲ್ಲಿ ಇನ್ನು ಯಾರಿದ್ದಾರೆ?"

ಇನ್ನು ತಾನೊಬ್ಬನೇ ಅಂತ ಗೊತ್ತಿದ್ದೇ ಜಡಿಯ ಮನೆಯಿಂದ ಹೊರಟಿದ್ದ. ಗುಂಡಿನ ಮನೆಯ ಹೊಸ ಯಜಮಾನ ಒಂದು ಕೋವಿ ಇಳಿಸಿಕೊಂಡ. ಭಾರದ, ಮೂತಿ ಮೆದುವಾದ ಗುಂಡು ಒಂದನ್ನು ಆರಿಸಿ, ಬೆಳಗಾಗುತ್ತಲೇ ಮೆಳೆಗೆ ನಡೆದ. ದೂರದಿಂದ ಹೊಡೆಯಲಿಲ್ಲ. ಕಾಟಿಯ ಏದುಸಿರು ಕೇಳುವಷ್ಟು ಹತ್ತಿರ ಹೋದ. ಅದಕ್ಕೂ ಸಾಕಾಗಿತ್ತೋ ಏನೋ, ಸುಮ್ಮನೆ ನೋಡಿತು. ಒಂದೇ ಏಟು, ನಿಂತಲ್ಲೇ ಕೂತಿತು. ಕೋವಿ ಒದ್ದ ಏಟಿಗೆ ಅವನ ಭುಜವೂ ನೀಲಿಗಟ್ಟಿತು.

ಮಧ್ಯಾಹ್ನ ಅವನು ಅರಮನೆಗೆ ಬಂದಾಗ ಬೆನ್ನ ಮೇಲೆ ಕಂಬಳಿಯ ಗಂಟೊಂದಿತ್ತು. ಕಾಟಿಯ ಹೊಟ್ಟೆ ಬಗೆದು ತೆಗೆದ ಸೀಸದ ಚೂರನ್ನು ದೊರೆಯ ಅಂಗೈ ಮೇಲಿಟ್ಟ. "ನಿಮ್ದು ಬುದ್ಧೀ. ಇಟ್ಕಳಿ."

ದೊರೆ ಅದನ್ನು ಬೆರಳಲ್ಲಿ ಉರುಳಿಸಿ ನೋಡಿದ. "ಅಯ್ಯೋ, ಇಷ್ಟು ಹಗುರವೇನೋ!"

"ಹೂಂ ಬುದ್ಧೀ," ಅಂದ ಜಡಿಯ. ಬೆನ್ನ ಮೇಲಿನ ಗಂಟು ಸರಿಪಡಿಸಿಕೊಂಡ. "ಮೆಳೆಯಿಂದ ನಮ್ಮಪ್ಪನ್ನ ಎತ್ಕಂಡಾಗ ನಂಗೂ ಹಂಗೇ ಅನ್ನಿಸ್ತು."

ಅಷ್ಟು ಹೇಳಿ ಅವನು ಹಾಡಿಯ ದಾರಿ ಹಿಡಿದ. ಮಣ್ಣು ಮಾಡುವುದಿತ್ತು.