ಮಡಿಲು ಮರೆತ ಸೀತಾಳೆ

ತಡಿಯೇ ಹಂಸಾ, ಆ ಮಣ್ಣಿನ ಡಬ್ಬ ಕೆಳಗಿಡು. ಈ ಗಾಜಿನ ತೊಟ್ಟಿಯೊಳಗೆ ಒಂದು ಚಿಟಿಕೆ ಕೆಮ್ಮಣ್ಣು ಬಿದ್ದರೂ ಈ ಅಜ್ಜಿ ನಿನ್ನ ಜೊತೆ ಟೂ ಬಿಡ್ತಾಳೆ. ನಿನ್ನ ಚಿಕ್ಕಮ್ಮ ಅಷ್ಟು ದೂರದಿಂದ ಆರ್ಕಿಡ್ ಗಿಡ ತಂದುಕೊಟ್ಟರೆ, ನೀನು ಅದನ್ನ ತುಳಸಿ ನೆಟ್ಟ ಹಾಗೆ ಕುಂಡದಲ್ಲಿ ನೆಟ್ಟು, ಗೊಬ್ಬರ ತುಂಬಿ, ಚೊಂಬುಗಟ್ಟಲೆ ನೀರು ಸುರಿದೆಯಲ್ಲ! ಅರ್ಧ ಬೇರು ಕೊಳೆತೇ ಹೋಗಿದೆ.

ಹೋಗಲಿ, ಮುಖ ಸಣ್ಣದು ಮಾಡ್ಕೋಬೇಡ. ಪ್ರೀತಿಯಿಂದ ಮಾಡಿದ್ದು ಅಂತ ನನಗೆ ಗೊತ್ತು. ಅದಕ್ಕೆ ಇನ್ನೂ ಜೀವ ಇದೆ. ಇಲ್ಲಿ ನೋಡು, ಈ ಕಡ್ಡಿಯ ತುದಿಯಲ್ಲಿ ಒಂದು ಮೊಗ್ಗೂ ಇದೆ. ಅದು ಉದುರದ ಹಾಗೆ ಉಳಿಸ್ಕೊಳ್ಳೋದೇ ಇವತ್ತು ನಮ್ಮಿಬ್ಬರ ಕೆಲಸ.

ಎಂಥ ತೊಟ್ಟಿ ಸಿಕ್ಕಿದೆ ನೋಡೇ. ಹಿಂದೆ ಮೀನು ಸಾಕಿದ್ದು, ಅಟ್ಟದ ಮೇಲೆ ಧೂಳು ತಿಂತಾ ಕೂತಿತ್ತು. ತೊಳೆದ ಮೇಲೆ ಹೇಗೆ ಹೊಳೀತಾ ಇದೆ! ಹೊರಗೆ ದುರ್ಗದ ಬಿಸಿಲು, ಬಂಡೆ ಮುಟ್ಟಿದರೆ ಕೈ ಚುರುಕ್ ಅನ್ನುತ್ತೆ. ಇಂಥದ್ದರಲ್ಲಿ ನಮ್ಮ ಹಾಲ್‌ನಲ್ಲಿ ಒಂದು ಪುಟ್ಟ ಮಳೆಕಾಡು ಮಾಡ್ತೀವಿ ಅಂದರೆ ಸುಮ್ಮನೇನಾ? ನಿಮ್ಮಮ್ಮ ನಕ್ಕರೆ ನಗಲಿ ಬಿಡು. ನನಗಂತೂ ಬೆಳಿಗ್ಗೆಯಿಂದ ಕಾಲು ನೆಲದ ಮೇಲೆ ನಿಲ್ತಾ ಇಲ್ಲ.

ಬಾ, ಕೂತ್ಕೋ. ಆ ಬೆಣಚುಕಲ್ಲುಗಳನ್ನ ತಳಕ್ಕೆ ಹಾಸು. ಮಣ್ಣು ಯಾಕೆ ಬೇಡ ಅಂತ ಬೆಳಿಗ್ಗೆಯಿಂದ ನನ್ನ ತಲೆ ತಿಂದೆಯಲ್ಲ, ಹೇಳ್ತೀನಿ ಕೇಳು. ಕೈ ಕೆಲಸ ಮಾಡಲಿ, ಕಿವಿ ಈ ಕಡೆ ಇರಲಿ.

ಲೋಕ ಆಗಿನ್ನೂ ತೊಟ್ಟಿಲು ಬಿಟ್ಟು ಇಳಿದಿರಲಿಲ್ಲ. ಬೆಟ್ಟಗಳು ಮೊಣಕಾಲೆತ್ತರ ಇದ್ದವು. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿರಲಿಲ್ಲ. ಇವತ್ತು ಮೂಡಲಿಗೆ ಹರಿದರೆ ನಾಳೆ ಪಡುವಲಿಗೆ. ಗಾಳಿಗೆ ಆಗತಾನೇ ಮಾತು ಬಂದಿತ್ತು, ಬಾಯಿ ಮುಚ್ಚುತ್ತಲೇ ಇರಲಿಲ್ಲ. ಗಿಡಗಳೆಲ್ಲ, ಎಲ್ಲ ಅಂದರೆ ಎಲ್ಲ, ಭೂಮಿತಾಯಿಯ ಮನೆಯೊಳಗೇ ಇದ್ದವು. ಅಷ್ಟೂ ಅವಳ ಹೆಣ್ಣುಮಕ್ಕಳು. ಹಲಸಿನಂಥ ದೊಡ್ಡ ಮರಗಳು ಮಾತ್ರ ಮೊದಲಿನಿಂದಲೂ ಹೊರಗೇ ನಿಂತಿದ್ದವು.

ಬೆಳೆದ ಹೆಣ್ಣುಮಕ್ಕಳು ಒಂದೇ ಮನೆಯಲ್ಲಿದ್ದರೆ ಕೇಳಬೇಕಾ? ನನ್ನ ಕೊಂಬೆಗೆ ನಿನ್ನ ಎಲೆ ತಾಗಿತು, ನನ್ನ ಬಿಸಿಲಿಗೆ ನೀನು ಅಡ್ಡ ನಿಂತೆ, ಇದೇ ಜಗಳ. ಭೂಮಿಗೆ ಸಾಕಾಗಿ ಹೋಯಿತು. ಇನ್ನು ನಿಮ್ಮ ನಿಮ್ಮ ಜಾಗ ನೋಡಿಕೊಳ್ಳಿ, ಹೊರಡಿ ಅಂದಳು.

ಹಾಗಂತ ಬರಿಗೈಯಲ್ಲಿ ಕಳಿಸೋ ತಾಯಿನಾ ಅವಳು? ಹೊಸಿಲ ಒಳಗೆ ಮಣೆ ಹಾಕಿ, ಒಬ್ಬೊಬ್ಬಳನ್ನೇ ಕರೆದು ಕೂರಿಸಿ ಮಡಿಲು ತುಂಬಿದಳು. ನಿಮ್ಮಮ್ಮನ ಮದುವೆ ಫೋಟೋದಲ್ಲಿ ನೋಡಿದ್ದೀಯಲ್ಲ? ಅವಳು ಸೆರಗು ಒಡ್ಡಿ ಕೂತಿದ್ದಾಳೆ, ನಾನು ಅದಕ್ಕೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕ್ತಾ ಕಣ್ಣೀರು ಒರೆಸ್ಕೋತಾ ಇದ್ದೀನಿ. ಹಾಗೇನೇ ಇದೂ. ಭೂಮಿ ಹಾಕಿದ್ದು ಮಾತ್ರ ಅಕ್ಕಿಯಲ್ಲ, ಮಣ್ಣು.

ಭತ್ತದ ಮಡಿಲಿಗೆ ಜೇಡಿಮಣ್ಣು ಬಿತ್ತು. ಹತ್ತಿಯ ಮಡಿಲಿಗೆ ಎರೆಮಣ್ಣು ಬಿತ್ತು. ಕಡಲೆಕಾಯಿಯ ಮಡಿಲಿಗೆ ಕೆಂಪು ಮರಳು. ತಾವರೆಗೆ ಕೆಸರು ಸಿಕ್ಕಿತು. ಮೂಗು ಮುರಿದಳು, ಆದರೂ ಇಸ್ಕೊಂಡಳು. ಒಬ್ಬೊಬ್ಬಳೂ ತಾಯಿಗೆ ಕೈಮುಗಿದು, ಹೊಸಿಲು ದಾಟಿ, ತನ್ನ ಜಾಗಕ್ಕೆ ಹೋಗಿ ಮಡಿಲ ಮಣ್ಣು ಸುರಿದು ಅದರಲ್ಲಿ ಕಾಲೂರಿ ನಿಂತಳು.

ಸಾಲಿನ ಕೊನೆಯಲ್ಲಿ ನಿಂತಿದ್ದವಳು ಸೀತಾಳೆ. ನೀನು ಆರ್ಕಿಡ್ ಅಂತೀಯಲ್ಲ, ಅವಳಿಗೆ ಮಳೆಕಾಡಿನ ಕಡೆಯವರು ಕರೆಯೋ ಹೆಸರು ಅದು. ಕಿರಿಯವಳು, ಮುದ್ದಿನವಳು, ನಿಂತಲ್ಲಿ ನಿಂತು ಅಭ್ಯಾಸವಿಲ್ಲ. ತುದಿಯಲ್ಲಿ ಒಂದು ಮೊಗ್ಗು ಬೇರೆ ಮೂಡಿತ್ತು, ಅವಳ ಮೊದಲನೇ ಮೊಗ್ಗು. ಅದನ್ನು ಎಲ್ಲಿ ಅರಳಿಸಲಿ, ಹೇಗೆ ಅರಳಿಸಲಿ ಅಂತ ಅವಳಿಗೆ ಹಗಲೂ ರಾತ್ರಿ ಅದೇ ಧ್ಯಾನ.

ಆಗ ಬಂತು ನೋಡು ಗಾಳಿ. ಮರದ ಮೇಲೆ ಹತ್ತಿದರೆ ಸೂರ್ಯ ಏಳೋ ಮನೆ ಕಾಣುತ್ತೆ, ಬರ್ತೀಯಾ ಅಂತ ಅವಳ ಕಿವಿಯಲ್ಲಿ ಊದಿತು. ಅಷ್ಟು ಸಾಕಾಯಿತು. ಮಡಿಲು ಆಮೇಲೆ ತುಂಬಿಸಿಕೊಂಡರಾಯಿತು ಅಂದವಳೇ ಹೊಸಿಲು ಹಾರಿ ಗಾಳಿಯ ಬೆನ್ನು ಹತ್ತಿದಳು. ಒಳಗೆ ಭೂಮಿ ಕೊನೆಯ ಹಿಡಿ ಮಣ್ಣು ಕೈಯಲ್ಲಿ ಹಿಡಿದು ಕರೀತಾನೇ ಇದ್ದಳು.

ಕಲ್ಲು ಹಾಸಿ ಆಯ್ತಾ? ಈಗ ಇದ್ದಿಲ ಚೂರು ಹಾಕು, ನೀರು ವಾಸನೆ ಬರಬಾರದು. ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ಪಾಚಿ. ಮೆತ್ತಗೆ ಒತ್ತು. ಆ ಮೂಲೆಯಲ್ಲಿ ಸ್ವಲ್ಪ ನೀರು ಬಿಡು, ಕಲ್ಲು ಮುಳುಗೋ ಅಷ್ಟು ಮಾತ್ರ. ಅದು ನಮ್ಮ ಹೊಳೆ. ಇನ್ನು ಈ ಹಲಸಿನ ತುಂಡು ನೆಟ್ಟಗೆ ನಿಲ್ಲಿಸೋಣ. ಹಲಸೇ ಯಾಕೆ ಅಂತೀಯಾ? ಸೀತಾಳೆ ಹೋಗಿ ಇಳಿದದ್ದು ಹಲಸಿನ ಮರದ ಹೆಗಲ ಮೇಲೆ, ಅದಕ್ಕೆ.

ಇಳಿದವಳೇ ತೊಗಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೂರ್ಯ ಏಳೋ ಮನೆ ಕಂಡಿತು. ಬಾಗಿಲು ತೆರೆದದ್ದು, ಕೆಂಪು ಚೆಲ್ಲಿದ್ದು, ಎಲ್ಲ ಕಂಡಿತು. ಅವಳಿಗಾದ ಖುಷಿ ನಾನು ಹೇಳಿ ಮುಗಿಯೋದಿಲ್ಲ.

ಹಲಸಜ್ಜನಿಗೆ ಮಾತ್ರ ದಿಗಿಲಾಯಿತು. ಮೊನ್ನೆಯಷ್ಟೇ ಬಂದಳಿಕೆ ಅನ್ನೋಳು ಬಂದು ಕೊಂಬೆಯ ಮೇಲೆ ಕೂತು, ಅವನ ರಸವನ್ನೇ ಹೀರೋದಕ್ಕೆ ಶುರುಮಾಡಿದ್ದಳು. ನೀನೂ ಅವಳ ಥರಾನೇನಮ್ಮ ಅಂತ ಕೇಳಿದ. ಇಲ್ಲಜ್ಜ, ನನಗೆ ಕೂರೋದಕ್ಕೆ ನಿನ್ನ ಹೆಗಲು ಸಾಕು, ನಿನ್ನ ಒಂದು ಹನಿ ರಸವೂ ಮುಟ್ಟೋದಿಲ್ಲ ಅಂತ ಸೀತಾಳೆ ಮಾತು ಕೊಟ್ಟಳು. ಕೊಟ್ಟ ಮಾತನ್ನು ಇವತ್ತಿಗೂ ಮುರಿದಿಲ್ಲ.

ಮಾತೇನೋ ಕೊಟ್ಟಳು, ಬಿಸಿಲು ಏರಿತಲ್ಲ! ಕಾಲ ಕೆಳಗೆ ನೋಡಿದರೆ ಮಣ್ಣಿಲ್ಲ. ಬೇರುಗಳೆಲ್ಲ ಗಾಳಿಯಲ್ಲಿ ಜೋತಾಡುತ್ತಿವೆ. ಬೇರು ಒಣಗಿತು, ಎಲೆ ಸುಕ್ಕಾಯಿತು. ಅದನ್ನೆಲ್ಲ ತಡಕೊಂಡಾಳು, ಆದರೆ ಮೊಗ್ಗಿನ ತೊಟ್ಟು ಹಳದಿಗೆ ತಿರುಗತೊಡಗಿತು. ಇನ್ನು ಉದುರಿಯೇ ಬಿಡುತ್ತೆ ಅನ್ನೋ ಹಾಗಾಯಿತು. ಆಗ ಕೆಳಗೆ ಬಗ್ಗಿ ಕೂಗಿದಳು.

"ಅಮ್ಮಾ, ನನ್ನ ಮಡಿಲು ಖಾಲಿ ಇದೆ."

ಭೂಮಿ ಹೊಸಿಲಿಗೇ ಓಡಿ ಬಂದಳು. ಕೊನೆಯ ಹಿಡಿ ಮಣ್ಣು ಇನ್ನೂ ಅವಳ ಕೈಯಲ್ಲೇ ಇತ್ತು. ಆದರೆ ಹೊಸಿಲ ಆಚೆ ನಿಂತವರಿಗೆ ಮಡಿಲು ತುಂಬುವ ಹಾಗಿಲ್ಲ ಅಂತ ನೇಮ ಮಾಡಿದ್ದವಳು ಅವಳೇ. ಸೀತಾಳೆ ವಾಪಸ್ಸು ಬರುವ ಹಾಗೂ ಇಲ್ಲ. ಬೇರು ಒಂದು ಸಲ ಹಿಡಿದರೆ ಹಿಡಿಯಿತು. ಒಬ್ಬಳಿಗಾಗಿ ನೇಮ ಮುರಿದರೆ ಉಳಿದವರು ಸುಮ್ಮನಿರ್ತಾರಾ? ತಾವರೆ ಅಂತೂ ಕೆಸರು ಬದಲಾಯಿಸಿಕೊಡು ಅಂತ ಬಾಗಿಲಿಗೇ ಬಂದು ಕೂರ್ತಿದ್ದಳು.

ಭೂಮಿ ಯೋಚನೆ ಮಾಡಿದಳು. ಆಮೇಲೆ ಅಂದಳು:

"ಮಡಿಲು ತುಂಬೋ ಹಾಗಿಲ್ಲ ಮಗಳೇ. ಆದರೆ ಬಾಯಾರಿದವಳಿಗೆ ನೀರು ಕೊಡಬೇಡ ಅಂತ ನಾನು ಯಾವ ನೇಮವೂ ಮಾಡಿಲ್ಲ."

ಹೊಳೆಯನ್ನು ಕರೆದಳು. ನಾನು ಇಳಿಯೋದಕ್ಕೆ ಹುಟ್ಟಿದವಳಮ್ಮ, ಹತ್ತೋದು ನನ್ನ ಕೈಲಾಗಲ್ಲ ಅಂತ ಹೊಳೆ ಕೈಚೆಲ್ಲಿತು. ಸೂರ್ಯನನ್ನು ಕರೆದಳು. ಹೊಳೆಯನ್ನು ಸ್ವಲ್ಪ ಬೆಚ್ಚಗೆ ಮಾಡಪ್ಪ, ಕುದಿಸಬೇಡ ಅಂದಳು. ಸೂರ್ಯ ಬೆಚ್ಚಗೆ ಮಾಡಿದ. ಹೊಳೆಯ ಮೈಯಿಂದ ತೆಳ್ಳಗೆ ಹಬೆ ಎದ್ದಿತು. ಗಾಳಿಯ ಕಿವಿ ಹಿಂಡಿ, ಕರಕೊಂಡು ಹೋದವನು ನೀನೇ ತಾನೇ, ಈಗ ಹೊತ್ತುಕೊಂಡು ಹೋಗು ಅಂದಳು. ಹಬೆಗೆ ತನ್ನ ಮೈಯ ಘಮವನ್ನೂ ಒಂದಿಷ್ಟು ಬೆರೆಸಿ ಕಳಿಸಿದಳು.

ಹೀಗೆ ಹೊಳೆ ಮರ ಹತ್ತಿತು, ಮಂಜಾಗಿ.

ಆದರೆ ಮಂಜು ಬೇರಿನ ಮೇಲೆ ನಿಲ್ಲಬೇಕಲ್ಲ? ಬರ್ತಿತ್ತು, ಜಾರಿ ಹೋಗ್ತಿತ್ತು. ದೂರದ ಎರೆಹೊಲದಿಂದ ಅಕ್ಕ ಹತ್ತಿ ಇದನ್ನು ನೋಡಿದಳು. ಅಯ್ಯೋ ಹುಚ್ಚುಹುಡುಗಿ ಅಂತ ಬೈದುಕೊಂಡೇ ತನ್ನ ಬಿಳಿ ಅರಳೆಯನ್ನು ಗಾಳಿಯ ಕೈಯಲ್ಲಿ ಕಳಿಸಿಕೊಟ್ಟಳು. ಸೀತಾಳೆ ಅದನ್ನು ಬೇರುಗಳಿಗೆಲ್ಲ ಸುತ್ತಿಕೊಂಡಳು. ಮಂಜು ಬಂತು, ಅರಳೆ ಕುಡಿಯಿತು, ಬೇರು ತಣ್ಣಗಾಯಿತು. ಒದ್ದೆ ಬಟ್ಟೆಯೊಳಗಿಂದ ಮೈ ಕಾಣೋ ಹಾಗೆ, ಬಿಳಿ ಅರಳೆಯೊಳಗಿಂದ ಬೇರಿನ ಹಸಿರು ಕಂಡಿತು.

ಅದಕ್ಕೇ ಗಿಡವನ್ನ ಕಟ್ಟೋದಕ್ಕೆ ಹತ್ತಿ ದಾರ ತಗೋ, ಆ ನೈಲಾನ್ ಬೇಡ. ಅಕ್ಕನ ಕೈ ತಂಗಿಯ ಮೇಲಿರಲಿ. ಕೊಳೆತ ಬೇರು ನಾನು ಕತ್ತರಿಸಿದ್ದೀನಿ. ತುಂಡಿನ ಮೇಲೆ ಕೂರಿಸು, ಮೆಲ್ಲಗೆ ಸುತ್ತು, ಬಿಗಿಯಬೇಡ. ಮೊಗ್ಗು ಜೋಪಾನ! ಸರಿಯಾಯ್ತು. ನನ್ನ ಬಂಗಾರ. ಮುಚ್ಚಳ ಪೂರ್ತಿ ಮುಚ್ಚೋಣ ಅಂತೀಯಾ? ಅಲ್ಲೇ ಇದೆ ನೋಡು ಮೋಸ. ಸೀತಾಳೆ ಮಾಡಿದ ಎರಡನೇ ತಪ್ಪೂ ಅದೇ.

ಮಂಜು ಸಿಕ್ಕಿದ್ದೇ ತಡ, ಅವಳಿಗೆ ಆಸೆ ಹತ್ತಿತು. ಗಾಳಿ ಸುಳಿದಾಗಲೆಲ್ಲ ಅರಳೆ ಆರುತ್ತಿತ್ತು. ನೀನು ಬಂದರೆ ನನ್ನ ಮಂಜೆಲ್ಲ ಹೋಗುತ್ತೆ, ಇನ್ನು ಈ ಕಡೆ ಬರಬೇಡ ಅಂದುಬಿಟ್ಟಳು. ಹೊತ್ತು ತಂದವನಿಗೇ ಬರಬೇಡ ಅಂದರೆ ಹೇಗಾಗಬೇಡ? ಗಾಳಿ ಮುನಿಸಿಕೊಂಡು ಗುಡ್ಡದ ಆಚೆ ಹೋಗಿ ಮಲಗಿತು.

ಮಂಜು ನಿಂತಲ್ಲೇ ನಿಂತಿತು. ಅರಳೆ ಆರಲೇ ಇಲ್ಲ. ಬೇರಿನ ತುದಿ ಕಪ್ಪಾಯಿತು, ಮುಗ್ಗಲು ವಾಸನೆ ಹತ್ತಿತು. ನಿನ್ನ ಕುಂಡದಲ್ಲಿ ಬಂತಲ್ಲ, ಅದೇ ವಾಸನೆ. ಮೊಗ್ಗು ತಲೆ ಬಾಗಿಸಿತು. ಬಾಯಾರಿಕೆಯಿಂದ ಪಾರಾದವಳು ನೀರಿನಿಂದ ಸಾಯೋದಾ? ಸೀತಾಳೆ ಗುಡ್ಡದ ಕಡೆ ತಿರುಗಿ ಕೂಗಿದಳು.

"ಬಾರೋ ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಹಾಗಂದಿದ್ದು ನನ್ನ ತಪ್ಪು. ನನಗೆ ಬೇಡ, ಈ ಮೊಗ್ಗಿಗಾದರೂ ಬಾ."

ಗಾಳಿ ಸ್ವಲ್ಪ ಹೊತ್ತು ಬಿಗುಮಾನ ಮಾಡಿತು. ಎಷ್ಟು ಹೊತ್ತು ಮಾಡೀತು? ಅದಕ್ಕೂ ತಂಗಿಯ ಮೇಲೆ ಜೀವ. ಗುಡ್ಡ ಹಾರಿ ಬಂದು ಒದ್ದೆ ಅರಳೆಯನ್ನು ಬೀಸಿ ಬೀಸಿ ಆರಿಸಿತು. ಅವತ್ತಿನಿಂದ ಅಣ್ಣ ತಂಗಿಗೆ ಒಪ್ಪಂದವಾಯಿತು. ಬೆಳಿಗ್ಗೆ ಮಂಜು ತರೋದು, ಹಗಲು ಆರಿಸೋದು. ಒದ್ದೆಯಾದಾಗ ಬೇರು ಹಸಿರು, ಆರಿದಾಗ ಬೇರು ಬಿಳಿ. ಅದನ್ನು ನೋಡಿಯೇ ಗಾಳಿಗೆ ತಿಳಿಯುತ್ತಿತ್ತು, ತಂಗಿಗೆ ಈಗ ಬಾಯಾರಿದೆಯೋ ಇಲ್ಲವೋ ಅಂತ.

ನಮ್ಮ ತೊಟ್ಟಿಗೂ ಗಾಳಿಯಣ್ಣ ಇದ್ದಾನೆ ಕಣೇ. ನಿಮ್ಮಪ್ಪ ಹಳೇ ಕಂಪ್ಯೂಟರಿನಿಂದ ಬಿಚ್ಚಿಕೊಟ್ಟ ಪುಟ್ಟ ಫ್ಯಾನು, ಅಲ್ಲಿ ಮೂಲೆಯಲ್ಲಿ ಸಿಕ್ಕಿಸಿದ್ದೀನಿ. ಮುಚ್ಚಳ ಒಂದು ಬೆರಳಷ್ಟು ತೆರೆದಿರಲಿ. ಮೇಲಿನ ಲೈಟು ನಮ್ಮ ಸೂರ್ಯ. ಈಗ ಸ್ಪ್ರೇ ಬಾಟಲಿ ಒತ್ತು, ಇನ್ನೊಂದು ಸಲ. ಬೇರು ನೋಡು, ಬೇರು ನೋಡು! ಬಣ್ಣ ತಿರುಗ್ತಾ ಇದೆ. ಕಂಡಿತಾ? ನಾನೇನು ಸುಳ್ಳು ಹೇಳಿದ್ನಾ?

ಸೀತಾಳೆಯ ಮೊಗ್ಗು ಅರಳಿತಾ ಅಂತ ಕೇಳ್ತೀಯಾ? ಅರಳಿತು. ಹೇಗೆ ಅರಳಿತು ಅಂತ ಮಾತ್ರ ಈಗ ಹೇಳೋದಿಲ್ಲ. ಎಷ್ಟು ಪೂಸಿ ಹೊಡೆದರೂ ಇಲ್ಲ. ನಮ್ಮದು ಅರಳಲಿ, ಆಗ ಹೇಳ್ತೀನಿ.

*

ಹಂಸಾ! ಎದ್ದೇಳೇ, ಹಲ್ಲು ಆಮೇಲೆ ಉಜ್ಜುವೆಯಂತೆ. ಇಷ್ಟು ದಿನ ಬೆಳಗಾದರೆ ಓಡಿ ಹೋಗಿ ನೋಡ್ತಿದ್ದವಳು, ಇವತ್ತೇ ಮಲಗಬೇಕಾ? ಬಾ ಬಾ, ಗಾಜಿನ ಮೇಲೆಲ್ಲ ಮಂಜು ಕೂತಿದೆ, ಕೈಯಿಂದ ಒರೆಸು. ಕಂಡಿತಾ? ಅರಳಿದೆ! ನೀನೇ ಉಳಿಸಿದ ಮೊಗ್ಗು ಕಣೇ ಅದು. ನನಗೆ ಅಳು ಬರ್ತಾ ಇದೆ ನೋಡು, ಮುದುಕಿಗೆ ಏನಾಯಿತು ಅಂತ ನಗಬೇಡ.

ಈಗ ಹೇಳ್ತೀನಿ. ಅವತ್ತು ಮರದ ಮೇಲೆ ಸೀತಾಳೆಯ ಮೊಗ್ಗು ಬಿರಿಯಿತು. ಲೋಕವೇ ತಲೆ ಎತ್ತಿ ನೋಡಿತು. ಆದರೆ ಸೀತಾಳೆ ಸೂರ್ಯನ ಮನೆ ಕಡೆ ನೋಡಲಿಲ್ಲ. ಕೆಳಗೆ ತಾಯಿಯ ಕಡೆ ನೋಡಿದಳು. ಅವತ್ತು ಹೊರಡೋ ಸಂಭ್ರಮದಲ್ಲಿ ಒಡ್ಡದೇ ಹೋದದ್ದನ್ನು ಈಗ ಒಡ್ಡಿದಳು. ಭೂಮಿ ಕೆಳಗೆ ನಿಂತು, ಕೈಯಲ್ಲಿದ್ದ ಆ ಹಿಡಿ ಮಣ್ಣನ್ನು ಎದೆಗೆ ಒತ್ತಿಕೊಂಡಳು.

ಹತ್ತಿರ ಬಾ, ಈ ಹೂವನ್ನು ಸರಿಯಾಗಿ ನೋಡು. ಸುತ್ತಲಿನ ಎಸಳೆಲ್ಲ ಹೆಚ್ಚುಕಡಿಮೆ ಒಂದೇ ಥರ, ಕೆಳಗಿನದೊಂದೇ ಬೇರೆ. ಅಗಲವಾಗಿ, ಬಾಗಿಕೊಂಡು, ಏನನ್ನೋ ಇಸ್ಕೊಳ್ಳೋ ಹಾಗೆ ಮುಂದಕ್ಕೆ ಚಾಚಿದೆ. ಅದು ಸೀತಾಳೆಯ ಸೆರಗು ಕಣೇ ಹಂಸಾ. ಅವತ್ತು ಅಮ್ಮನ ಮುಂದೆ ಒಡ್ಡಿದ್ದನ್ನು ಅವಳು ಇನ್ನೂ ಕೆಳಗೆ ಬಿಟ್ಟಿಲ್ಲ, ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ಅದರೊಳಗೆ ಅಮ್ಮ ಕಳಿಸಿದ ಒಂದು ಹನಿ ಮಂಜು ಬಿದ್ದಿರುತ್ತೆ.